ಯಾವ ಎತ್ತರಕ್ಕೆ ಮಳೆ, ಯಾವ ಎತ್ತರಕ್ಕೆ ಹಿಮ

ಎಲ್ಲರಿಗೂ ನಮಸ್ಕಾರ. ಇವತ್ತು ಮಾರ್ಚ್ 23, ವಿಶ್ವ ಹವಾಮಾನ ದಿನ. ಆ ನೆಪದಲ್ಲಿ ಹಾಸನ ಆಕಾಶವಾಣಿಯವರು ನನ್ನನ್ನು ಕರೆದು, ಬೆಟ್ಟದ ಹವಾಮಾನದ ಬಗ್ಗೆ ಮಾತಾಡಿ, ಆದರೆ ಜನಕ್ಕೆ ಅರ್ಥ ಆಗುವ ಹಾಗೆ ಮಾತಾಡಿ ಅಂದರು. ಆ 'ಆದರೆ' ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹವಾಮಾನದವರು ಬಾಯಿ ಬಿಟ್ಟರೆ ವಾಯುಭಾರ, ಸುಳಿಗಾಳಿ, ಮೇಲ್ಮೈ ಪರಿಚಲನೆ ಅಂತ ಶುರು ಮಾಡುತ್ತೇವೆ, ಕೇಳುವವರು ಕಿವಿ ತಿರುಗಿಸಿ ಹಾಡು ಹುಡುಕುತ್ತಾರೆ. ಇವತ್ತು ಹಾಗೆ ಮಾಡುವುದಿಲ್ಲ. ಒಂದೇ ಒಂದು ಮಾತು ಹೇಳಿ ಹೋಗುತ್ತೇನೆ.

ನಾನು ಚಿಕ್ಕಮಗಳೂರಿನವನು. ಆದರೆ ಕೆಲಸ ಮಾಡಿದ್ದು ಜಾಸ್ತಿ ಉತ್ತರದ ಬೆಟ್ಟಗಳಲ್ಲಿ. ಕೆಲವು ಚಳಿಗಾಲ ಕಾಶ್ಮೀರದ ಗುಲ್ಮಾರ್ಗ್ ಕಡೆ ಇದ್ದೆ. ಅಲ್ಲಿ ಜನ ಸ್ಕೀಯಿಂಗ್ ಮಾಡುತ್ತಾರೆ, ಅಂದರೆ ಕಾಲಿಗೆ ಎರಡು ಉದ್ದದ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಲ್ಲಿ ಜಾರುತ್ತಾರೆ. ಬೀಳುವುದೇ ಜಾಸ್ತಿ, ಅದು ಬೇರೆ ಮಾತು. ನಾಳೆ ಅಲ್ಲಿ ಹಿಮ ಬೀಳುತ್ತದಾ, ಎಷ್ಟು ಬೀಳುತ್ತದೆ, ಗಾಳಿ ಎಷ್ಟು ಅಂತ ದಿನಾ ಸಂಜೆ ಬರೆದು ಕೊಡುವುದು ನನ್ನ ಕೆಲಸ.

ಈಗ ಕೇಳುತ್ತಿರುವವರು ಯಾರು ಅಂತ ನನಗೊಂದು ಅಂದಾಜಿದೆ. ಸಕಲೇಶಪುರದ ಕಡೆ ಯಾರೋ ಪಂಪ್‌ಹೌಸ್ ಕಟ್ಟೆ ಮೇಲೆ ರೇಡಿಯೊ ಇಟ್ಟುಕೊಂಡಿದ್ದೀರಿ. ಮೂಡಿಗೆರೆಯಲ್ಲಿ ಯಾರೋ ಒಲೆ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದೀರಿ. ಕಾಶ್ಮೀರದ ಹಿಮ ಕಟ್ಟಿಕೊಂಡು ನಮಗೇನಾಗಬೇಕು, ಕಾಫಿ ಮೊಗ್ಗು ಅರಳಿಸುವ ನಮ್ಮ ಹೂಮಳೆ ಯಾವಾಗ ಅಂತ ಹೇಳಪ್ಪಾ ಅನ್ನುತ್ತಿದ್ದೀರಿ. ಅಲ್ವಾ? ಬರುತ್ತೇನೆ, ಅಲ್ಲಿಗೇ ಬರುತ್ತೇನೆ.

ನಾನು ಹೇಳಬೇಕಾದ ಒಂದೇ ಮಾತು ಇದು. ಬೆಟ್ಟದ ಸೀಮೆಯಲ್ಲಿ ಯಾರಾದರೂ ನಾಳೆ ಮಳೆ ಅಂದರೆ, ನಾಳೆ ಚಳಿ ಅಂದರೆ, ನೀವು ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು' ಅಂತ ಅಲ್ಲ. 'ಯಾವ ಎತ್ತರಕ್ಕೆ' ಅಂತ ಕೇಳಿ.

ಗುಲ್ಮಾರ್ಗ್ ಊರು ಇರುವುದು ಸಮುದ್ರ ಮಟ್ಟದಿಂದ ಸುಮಾರು 2650 ಮೀಟರ್ ಮೇಲೆ. ನಮ್ಮ ಮುಳ್ಳಯ್ಯನಗಿರಿ ಕರ್ನಾಟಕಕ್ಕೇ ಎತ್ತರದ ಬೆಟ್ಟ, ಅದು 1925ರ ಸುಮಾರಿಗೆ ಮುಗಿದುಹೋಗುತ್ತದೆ. ಅಂದರೆ ಅವರ ಊರಿನ ಬಸ್ ಸ್ಟ್ಯಾಂಡೇ ನಮ್ಮ ಬೆಟ್ಟದ ತುದಿಗಿಂತ 700 ಮೀಟರ್ ಮೇಲಿದೆ. ಅಲ್ಲಿಂದ ಗೊಂಡೊಲ ಅಂತ ತಂತಿ ಮೇಲೆ ಓಡುವ ಡಬ್ಬಿಯಲ್ಲಿ ಕೂತರೆ ಮಧ್ಯದ ನಿಲ್ದಾಣ ಕೊಂಗ್‌ಡೂರಿ, 3000 ಮೀಟರ್ ದಾಟಿರುತ್ತದೆ. ಅಲ್ಲಿಂದ ಇನ್ನೊಂದು ಡಬ್ಬಿ ಹತ್ತಿದರೆ ಅಫರ್‌ವತ್ ಬೆಟ್ಟದ ಭುಜ, 3900ಕ್ಕೂ ಮೇಲೆ. ಒಂದೇ ಟಿಕೆಟ್ ಕೌಂಟರ್, ಒಂದೇ ಬೆಟ್ಟ, ಆದರೆ ಕೆಳಗಿಂದ ಮೇಲಕ್ಕೆ ಸಾವಿರದ ಮುನ್ನೂರು ಮೀಟರ್ ವ್ಯತ್ಯಾಸ.

ಇದಕ್ಕೆ ಲೆಕ್ಕ ಸುಲಭ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ತಂಪು. ಊರಲ್ಲಿ 3 ಡಿಗ್ರಿ ಇದ್ದರೆ ಮೇಲೆ ಸೊನ್ನೆಗಿಂತ 5 ಕೆಳಗೆ. ನಮ್ಮಲ್ಲೂ ಅಷ್ಟೇ. ಚಿಕ್ಕಮಗಳೂರು ಪೇಟೆಯಲ್ಲಿ 24 ಇದ್ದಾಗ ಮುಳ್ಳಯ್ಯನಗಿರಿ ಮೇಲೆ 18, 19 ಇರುತ್ತದೆ. ಬನಿಯನ್ ಮೇಲೆ ಒಂದು ಶರ್ಟ್ ಹಾಕಿಕೊಂಡು ಬೆಂಗಳೂರಿಂದ ಬಂದ ಹುಡುಗರು ತುದಿಯಲ್ಲಿ ಗಡಗಡ ನಡುಗುವುದನ್ನು ನೀವೇ ನೋಡಿದ್ದೀರಲ್ಲ.

ಈಗ ಹಿಮಕ್ಕೆ ಬರೋಣ. ಸೊನ್ನೆ ಡಿಗ್ರಿ ಯಾವ ಎತ್ತರದಲ್ಲಿದೆ ಅನ್ನುವುದೇ ಅಲ್ಲಿ ಎಲ್ಲ. ಅದಕ್ಕೆ ನಾವು ಸೊನ್ನೆ ಗೆರೆ ಅನ್ನುತ್ತಿದ್ದೆವು. ಗೆರೆಯ ಮೇಲೆ ಹಿಮ. ಗೆರೆಯಿಂದ ಇನ್ನೂರು ಮುನ್ನೂರು ಮೀಟರ್ ಕೆಳಗೆ ಬರುವಷ್ಟರಲ್ಲಿ ಅದೇ ಹಿಮ ಕರಗಿ ಮಳೆ. ಜನವರಿಯಲ್ಲಿ ಈ ಗೆರೆ ಸಾಮಾನ್ಯವಾಗಿ ಊರಿಗಿಂತ ಕೆಳಗೇ ಇರುತ್ತದೆ, ತಲೆನೋವಿಲ್ಲ. ಫೆಬ್ರುವರಿ ಕೊನೆ, ಮಾರ್ಚ್ ಬಂತು ಅಂದರೆ ಬಿಸಿಲು ಏರುತ್ತದೆ, ಗೆರೆ ಮೇಲೆ ಕೆಳಗೆ ಓಡಾಡುತ್ತದೆ, ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. ಮುನ್ಸೂಚನೆ ಬರೆಯುವವನ ಮಾನ ಹೋಗುವುದು ಆಗಲೇ.

ನನ್ನ ಮಾನವೂ ಹಾಗೇ ಹೋಯಿತು. ಅದನ್ನು ಸ್ವಲ್ಪ ಹೇಳುತ್ತೇನೆ.

ಫೆಬ್ರುವರಿ ಕೊನೆ ವಾರ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಒಂದು ಮೋಡದ ಹಿಂಡು ಬರುತ್ತಿತ್ತು. ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ, ಚಳಿಗಾಲದಲ್ಲಿ ಕಾಶ್ಮೀರಕ್ಕೆ ಅದೇ ಮುಂಗಾರು ಅಂದುಕೊಳ್ಳಿ. ಬೆಳಿಗ್ಗೆ 5.30ರ ಹೊತ್ತಿಗೆ ಶ್ರೀನಗರದಲ್ಲಿ ಬಲೂನು ಹಾರಿಸುತ್ತಾರೆ. ಅದಕ್ಕೊಂದು ಚಿಕ್ಕ ಪೆಟ್ಟಿಗೆ ಕಟ್ಟಿರುತ್ತಾರೆ, ಮೇಲೇರುತ್ತಾ ಏರುತ್ತಾ ಎಲ್ಲಿ ಎಷ್ಟು ಚಳಿ, ಎಷ್ಟು ತೇವ ಅಂತ ರೇಡಿಯೊದಲ್ಲಿ ಕೆಳಗೆ ಹೇಳುತ್ತಾ ಹೋಗುತ್ತದೆ. ನಮ್ಮ ಮಂಗಳೂರಿನಿಂದಲೂ ಇಂಥದ್ದೇ ಬಲೂನು ಹಾರುತ್ತದೆ. ಆವತ್ತಿನ ಬಲೂನಿನ ಲೆಕ್ಕ ನನ್ನ ಕೈಲಿತ್ತು. ಕಂಪ್ಯೂಟರ್ ನಕ್ಷೆ ನನ್ನ ಮುಂದಿತ್ತು. ಮೂರು ಸೆಂಟಿಮೀಟರ್ ನೀರು ಬೀಳುತ್ತದೆ ಅಂತ ಕಾಣಿಸಿತು. ಒಂದು ಸೆಂಟಿಮೀಟರ್ ನೀರಿಗೆ ಹತ್ತು ಸೆಂಟಿಮೀಟರ್ ಹಿಮ, ಅದು ನಮ್ಮ ಬಾಯಿಲೆಕ್ಕ. ನಾನು ಆತುರಗಾರ, ಬರೆದೇಬಿಟ್ಟೆ: ನಾಳೆ ಗುಲ್ಮಾರ್ಗ್‌ನಲ್ಲಿ 30 ಸೆಂಟಿಮೀಟರ್ ಹಿಮ. ಅಷ್ಟೇ. ಒಂದು ಸಾಲು. ಎತ್ತರ ಬರೆಯಲಿಲ್ಲ.

ಆವತ್ತೇ ಸಂಜೆ ಚಹಾ ಅಂಗಡಿಯಲ್ಲಿ ಹಿಂದಿನಿಂದ ಕನ್ನಡ ಕೇಳಿಸಿತು. ತಿರುಗಿ ನೋಡಿದರೆ ಒಬ್ಬ ಯಜಮಾನರು, ಮಂಕಿ ಕ್ಯಾಪ್ ಹಾಕಿಕೊಂಡು, ಜೊತೆಗೆ ಮನೆಯವರು, ಮಗ, ಸೊಸೆ, ಎರಡು ಮೊಮ್ಮಕ್ಕಳು. ಮೂಡಿಗೆರೆ ಕಡೆಯ ಕಾಫಿ ತೋಟದವರು. ಅಷ್ಟು ದೂರದಲ್ಲಿ ನಮ್ಮ ಜಿಲ್ಲೆಯವರು ಸಿಕ್ಕರೆ ಕೇಳಬೇಕಾ? ನಾನು ಉಬ್ಬಿಹೋದೆ. ಮಾರನೇ ದಿನ ಶ್ರೀನಗರಕ್ಕೆ ವಾಪಸು ಹೋಗುವವರಿದ್ದರು. ಹೋಗಬೇಡಿ ಸಾರ್, ನಾಳೆ ಒಂದು ಅಡಿ ಹಿಮ ಬೀಳುತ್ತದೆ, ಮಕ್ಕಳು ಜೀವನದಲ್ಲಿ ಮರೆಯುವುದಿಲ್ಲ, ನಾನು ಹೇಳುತ್ತಿದ್ದೇನಲ್ಲ ಅಂದೆ. ಪಾಪ, ಇನ್ನೊಂದು ದಿನಕ್ಕೆ ರೂಮು ಮುಂದುವರಿಸಿದರು.

ಬೆಳಗಾಯಿತು. ತಗಡಿನ ಮಾಡಿನ ಮೇಲೆ ಸದ್ದು. ಹಿಮ ಬಿದ್ದರೆ ಸದ್ದಾಗುವುದಿಲ್ಲ, ಗೊತ್ತಾ. ಹಿಮ ಬೆಕ್ಕಿನ ಹಾಗೆ ಬರುತ್ತದೆ. ಸದ್ದು ಕೇಳಿದ ಕೂಡಲೇ ನನಗೆ ಹಾಸಿಗೆಯಲ್ಲೇ ಎದೆ ಧಸಕ್ ಅಂತು. ಬಾಗಿಲು ತೆಗೆದರೆ ಮಳೆ. ನಮ್ಮ ಆಷಾಢದ ಮಳೆಯೇ. ತೆಂಕಣ ಗಾಳಿ ಬಿಸಿ ಹೊತ್ತು ತಂದಿತ್ತು, ಸೊನ್ನೆ ಗೆರೆ 3000 ಮೀಟರ್‌ಗೆ ಏರಿ ಕೂತಿತ್ತು. ಕೊಂಗ್‌ಡೂರಿಯಿಂದ ಮೇಲೆ ನಾನು ಹೇಳಿದ ಹಿಮ ಧಾರಾಳವಾಗಿ ಬೀಳುತ್ತಿತ್ತು. ಕೆಳಗೆ ಊರಲ್ಲಿ, ಹೊಸಬರು ಜಾರು ಕಲಿಯುವ ಬಯಲು ನಾಟಿಗೆ ಹದ ಮಾಡಿದ ಗದ್ದೆಯ ಹಾಗಾಗಿತ್ತು. ಸ್ಕೀ ಕಲಿಸುವ ಹುಡುಗರು ಮಾಡಿನ ಕೆಳಗೆ ಕಾಂಗ್ಡಿ ಅನ್ನುವ ಕೆಂಡದ ಬುಟ್ಟಿ ಅಪ್ಪಿಕೊಂಡು ಕೂತು ನನ್ನನ್ನೇ ನೋಡುತ್ತಿದ್ದರು. ಒಂದು ದಿನದ ದುಡಿಮೆ ಹೋಯಿತಲ್ಲ ಅವರಿಗೆ.

ನಮ್ಮ ಮೂಡಿಗೆರೆ ಯಜಮಾನರು ಕೊಡೆ ಹಿಡಿದುಕೊಂಡು ನನ್ನ ಕಚೇರಿ ಬಾಗಿಲಿಗೇ ಬಂದರು. ಕೊಡೆ! ಊರಿಂದ ತಂದಿದ್ದರಂತೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕೇಳಿದರು, 'ಅಲ್ಲ ಮಾರಾಯ್ರೇ, ನೀವು ಹೇಳಿದ ಹಿಮ ಯಾವ ಗೇಜಿಗೆ?'

ನನಗೆ ಅರ್ಥ ಆಗಲಿಲ್ಲ. ಅವರೇ ವಿವರಿಸಿದರು. 'ನಮ್ಮ ತೋಟದಲ್ಲಿ ಎರಡು ರೈನ್ ಗೇಜ್ ಇಟ್ಟಿದ್ದೀನಿ. ಒಂದು ಬಂಗಲೆ ಅಂಗಳದಲ್ಲಿ, ಇನ್ನೊಂದು ಮೇಲಿನ ತೋಟದಲ್ಲಿ. ನಡುವೆ ಇನ್ನೂರು ಮೀಟರ್ ಏರು. ಹೂಮಳೆ ಬಂದ ದಿನ ತೋಟದ ಲೆಕ್ಕ ಬರೆಯೋ ರೈಟರು ಕೆಳಗಿಂದ 40 ಸೆಂಟ್ಸು ಅಂತ ಬರ್ಕೊಂಡು ಬಂದ್ರೆ, ಮೇಲಿಂದ 90 ಸೆಂಟ್ಸು ಅಂತ ಬರುತ್ತೆ. ಮೂಡಿಗೆರೆಗೆ ಎಷ್ಟು ಮಳೆ ಅಂತ ನೀವು ಕೇಳಿದ್ರೆ, ಯಾವ ಗೇಜಿಗೆ ಅಂತ ನಾನು ಕೇಳ್ತೀನಿ. ನೀವು ಇಷ್ಟು ದೊಡ್ಡ ಬೆಟ್ಟಕ್ಕೆ ಒಂದೇ ನಂಬರ್ ಕೊಟ್ರಲ್ಲ!'

ಸಿಟಿಯಲ್ಲಿ ಕೇಳುತ್ತಿರುವವರಿಗೆ ಹೇಳಿಬಿಡುತ್ತೇನೆ, ತೋಟದವರು ಮಳೆಯನ್ನು ಇಂಚು, ಸೆಂಟ್ಸಲ್ಲಿ ಅಳೆಯುತ್ತಾರೆ. ನೂರು ಸೆಂಟ್ಸು ಒಂದು ಇಂಚು.

ನಾನು ಏನು ಹೇಳಲಿ? ಹತ್ತಾರು ವರ್ಷ ಓದಿ, ನಕ್ಷೆ ನೋಡಿ ನೋಡಿ ಕಣ್ಣು ಕೆಡಿಸಿಕೊಂಡವನು ನಾನು. ನನಗೆ ಕೊಡೆ ಹಿಡಿದುಕೊಂಡ ಒಬ್ಬರು ಬಾಗಿಲಲ್ಲಿ ನಿಂತು ಪಾಠ ಮಾಡಿದರು. ಆವತ್ತು ಸಂಜೆಯಿಂದ ನಾನು ಮುನ್ಸೂಚನೆಯನ್ನು ಮೂರು ಸಾಲಿನಲ್ಲಿ ಬರೆಯಲು ಶುರು ಮಾಡಿದೆ. ಊರಿಗೆ ಒಂದು ಸಾಲು, ಮಧ್ಯದ ನಿಲ್ದಾಣಕ್ಕೆ ಒಂದು, ತುದಿಗೆ ಒಂದು. ಮೇಲೆ ದಪ್ಪ ಅಕ್ಷರದಲ್ಲಿ ಸೊನ್ನೆ ಗೆರೆ ಎಷ್ಟು ಮೀಟರ್‌ನಲ್ಲಿದೆ ಅಂತ.

ಕಥೆ ಮುಗಿದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಮಳೆ ಇನ್ನೂ ಜೋರಾಯಿತು. ನಾನು ಮನಸ್ಸಲ್ಲೇ ಖುಷಿಪಟ್ಟೆ. ಯಾಕೆ ಗೊತ್ತಾ? ಮೇಲಿಂದ ಬೀಳುವ ಹಿಮ ಕರಗಬೇಕಾದರೆ ಅದಕ್ಕೆ ಶಾಖ ಬೇಕು. ಅದನ್ನು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಪಾನಕದ ಚೊಂಬಿಗೆ ಐಸ್ ಹಾಕಿದ ಹಾಗೆ, ಐಸ್ ಕರಗುತ್ತದೆ, ಪಾನಕ ತಣ್ಣಗಾಗುತ್ತದೆ. ಜೋರಾಗಿ ಬಿದ್ದಷ್ಟೂ ಗಾಳಿ ತಣ್ಣಗಾಗುತ್ತದೆ, ಸೊನ್ನೆ ಗೆರೆ ಮೆಲ್ಲಗೆ ಕೆಳಗಿಳಿಯುತ್ತದೆ. ನಾಲ್ಕು ಗಂಟೆ ಹೊತ್ತಿಗೆ ಮಳೆಹನಿಗಳ ನಡುವೆ ಬಿಳಿ ಚೂರು ಕಾಣಿಸಿತು. ನಾಲ್ಕೂವರೆಗೆ ತಗಡಿನ ಸದ್ದು ನಿಂತೇಹೋಯಿತು. ಹೊರಗೆ ಬಂದು ನೋಡಿದರೆ ಅಜ್ಜ, ಮೊಮ್ಮಕ್ಕಳು, ಆ ಕಪ್ಪು ಕೊಡೆ, ಕೊಡೆಯ ಮೇಲೆ ಎರಡು ಬೆರಳು ಹಿಮ. ಮಕ್ಕಳು ಕೊಡೆ ಒದರುವುದು, ಮತ್ತೆ ತುಂಬಲಿ ಅಂತ ಕಾಯುವುದು, ಮತ್ತೆ ಒದರುವುದು.

ಗಾಜಿನ ಆಚೆಯಿಂದ ನಿಲಯದವರು ಐದು ಬೆರಳು ತೋರಿಸುತ್ತಿದ್ದಾರೆ. ಐದೇ ನಿಮಿಷವಂತೆ. ಗಾಳಿಯ ಬಗ್ಗೆ, ಹಿಮಕುಸಿತದ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಮಡಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಇಷ್ಟು ಮಾತ್ರ ಕೇಳಿ. ಹಿಮ ನೋಡಲು ಹೋಗುವವರು ಈಗ ನಮ್ಮ ಕಡೆಯಿಂದಲೂ ಬಹಳ ಜನ. ದೊಡ್ಡ ಹಿಮ ಬಿದ್ದ ಮೇಲಿನ ಒಂದೆರಡು ದಿನ ಕಡಿದಾದ ಇಳಿಜಾರು ಅಪಾಯ. ಗಾಳಿ ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ಇನ್ನೊಂದು ಮಗ್ಗುಲಿಗೆ ಪೇರಿಸಿರುತ್ತದೆ, ಅದು ಜಾರುತ್ತದೆ. ಅಪಾಯಕ್ಕೆ ಒಂದರಿಂದ ಐದರವರೆಗೆ ಅಂಕ ಇದೆ. ಮೂರು ಅಂದರೆ ಪರವಾಗಿಲ್ಲ, ಪಾಸ್ ಮಾರ್ಕು ಅಂದುಕೊಂಡು ಹೋಗಬೇಡಿ, ದಯವಿಟ್ಟು. ಮತ್ತೆ ಆ ಅಂಕವೂ ಎತ್ತರಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಈಚೆಗೆ ಹಿಮವೂ ಕೈಕೊಡುತ್ತಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ದಿನ ಬೋಳಾಗಿತ್ತು. 2025ರ ಫೆಬ್ರುವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಆಟಗಳನ್ನು ಹಿಮ ಸಾಲದೆ ಮುಂದೂಡಿ ಮಾರ್ಚ್‌ನಲ್ಲಿ ನಡೆಸಿದರು.

ಈಗ ನಮ್ಮ ಮನೆಗೆ ಬರೋಣ. ನಮ್ಮ ಆಕಾಶದಲ್ಲೂ ಸೊನ್ನೆ ಗೆರೆ ಇದೆ, 5000 ಮೀಟರ್ ಹತ್ತಿರ. ಅದಕ್ಕೇ ಗಿರಿಯಲ್ಲಿ ಹಿಮ ಬೀಳುವುದಿಲ್ಲ, ಯಾರೋ ವಾಟ್ಸಾಪಲ್ಲಿ ಫೋಟೊ ಕಳಿಸಿದರೆ ನಂಬಬೇಡಿ, ಅದು ಆಲಿಕಲ್ಲು. ಯುಗಾದಿ ಆಸುಪಾಸಿನ ಗುಡುಗು ಮೋಡ ಆ ಗೆರೆ ದಾಟಿ ಮೇಲೆ ಹೋಗುತ್ತದೆ, ಅಲ್ಲಿ ಹೆಪ್ಪುಗಟ್ಟಿದ್ದು ಕರಗಲು ಪುರಸೊತ್ತಿಲ್ಲದೆ ನಮ್ಮ ಹೆಂಚಿನ ಮೇಲೆ ಬೀಳುತ್ತದೆ.

ಮತ್ತೆ ಹೂಮಳೆ. ಕಾಫಿ ಮೊಗ್ಗು ಅರಳಲು ಹೆಚ್ಚುಕಮ್ಮಿ ಒಂದು ಇಂಚು ಬೇಕು. ಅರ್ಧಂಬರ್ಧ ಬಿದ್ದರೆ ಬೀಳದಿದ್ದರೇ ಒಳ್ಳೆಯದಿತ್ತು ಅನ್ನಿಸುತ್ತದೆ. ರೊಬಸ್ಟಾದವರು ಸ್ಪ್ರಿಂಕ್ಲರ್ ಹಾಕಿ ಮುಗಿಸಿದ್ದೀರಿ, ಅರೇಬಿಕಾದವರು ಮೋಡ ನೋಡುತ್ತಿದ್ದೀರಿ. ಟಿವಿಯಲ್ಲಿ 'ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಳೆ' ಅನ್ನುತ್ತಾರೆ. ಜಿಲ್ಲೆ ಅಂದರೆ ಯಾವುದು ಸ್ವಾಮಿ? ಕಡೂರೂ ಇದೇ ಜಿಲ್ಲೆ, ಕೊಟ್ಟಿಗೆಹಾರವೂ ಇದೇ ಜಿಲ್ಲೆ. ಕಡೂರಲ್ಲಿ ರಾಗಿ ಒಣಗುತ್ತಿರುವಾಗ ಕೊಟ್ಟಿಗೆಹಾರದಲ್ಲಿ ಕಂಬಳಿ ಒಣಗುವುದಿಲ್ಲ! ಅದಕ್ಕೇ ಗ್ರಾಮ ಪಂಚಾಯಿತಿ ಮಟ್ಟದ ಲೆಕ್ಕ ಕೇಳಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿಗೊಂದು ಮಳೆಮಾಪಕ ಇಟ್ಟಿದ್ದಾರೆ, ವರುಣಮಿತ್ರ ಅಂತ ಸಹಾಯವಾಣಿಯೂ ಇದೆ. ಫೋನ್ ಮಾಡಿ. ನಿಮ್ಮ ಪಂಚಾಯಿತಿ ಹೆಸರು ಹೇಳಿ. ಆಮೇಲೆ ನಿಮ್ಮ ತೋಟ ಆ ಮಾಪಕಕ್ಕಿಂತ ಮೇಲಿದೆಯೋ ಕೆಳಗಿದೆಯೋ, ಗಾಳಿ ಬರುವ ಮಗ್ಗುಲೋ ಮರೆಯ ಮಗ್ಗುಲೋ ಅಂತ ನೀವೇ ನೋಡಿಕೊಳ್ಳಿ. ಅದನ್ನು ಬೆಂಗಳೂರಲ್ಲಿ ಕೂತವರು ಹೇಳಲಾಗುವುದಿಲ್ಲ.

ಎರಡನೇ ರೈನ್ ಗೇಜಿಗೆ ಖರ್ಚೇನೂ ಜಾಸ್ತಿ ಆಗುವುದಿಲ್ಲ. ಮರದ ಕೆಳಗೆ ಮಾತ್ರ ಇಡಬೇಡಿ, ಎಲೆ ಹನಿ ಲೆಕ್ಕಕ್ಕೆ ಬರುವುದಿಲ್ಲ. ಬಯಲಲ್ಲಿ ಇಡಿ, ಬೆಳಿಗ್ಗೆ 8.30ಕ್ಕೆ ದಿನಾ ಅದೇ ಹೊತ್ತಿಗೆ ನೋಡಿ.

ನಮ್ಮ ಮೂಡಿಗೆರೆಯ ಯಜಮಾನರು ಈಗಲೂ ಮಳೆ ಬಂದ ದಿನ ನನಗೆ ಫೋನ್ ಮಾಡುತ್ತಾರೆ. ಹಲೋ ಇಲ್ಲ, ಚೆನ್ನಾಗಿದ್ದೀರಾ ಇಲ್ಲ. ನಿನ್ನೆ ರಾತ್ರಿಯೂ ಮಾಡಿದ್ದರು. 'ಕೆಳಗೆ 35, ಮೇಲೆ 110' ಅಂದರು, ಇಟ್ಟರು.

ಕೆಂಪು ದೀಪ ಮಿಣುಕುತ್ತಿದೆ. ನಮಸ್ಕಾರ.