ಬೆಳಕು ಚೆಲ್ಲಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಬಾದಾಮಿಯ ಮೂರನೇ ಗುಹೆಯ ಪಡಸಾಲೆಯಲ್ಲಿ ನಿಂತು ಮಧ್ಯಾಹ್ನ ಹೊರಗಡೆ ಕ್ಯಾಮೆರಾ ಹಿಡಿದರೆ ಕಂಬ ಕರ್ರಗೆ, ಆಕಾಶ ಸುಣ್ಣ ಬಳಿದಂತೆ. ರಾ ಫೈಲ್ (ಕ್ಯಾಮೆರಾ ಅಳೆದ ಬೆಳಕಿನ ಹಸಿ ಲೆಕ್ಕ) ಇದೆಯಲ್ಲ ಅಂತ ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೆಳಕು ತಿದ್ದುವ ಹೈಲೈಟ್ಸ್, ವೈಟ್ಸ್, ಕರ್ವ್ ಎಲ್ಲ ಎಳೆದಾಡಿದರೆ ಆಕಾಶ ಬೂದಿಯಾಗುತ್ತದೆ, ಅಷ್ಟೇ. ಇಲ್ಲಿ ಎರಡು ಬೇರೆ ಕೆಲಸ ಕಲಸಿಹೋಗಿವೆ.

ಮೊದಲನೆಯದು ಚೆಲ್ಲಿದ ಬೆಳಕಿನದು. ಸೇರು ತುಂಬಿದ ಮೇಲೆ ಜೋಳ ಎಷ್ಟು ಸುರಿದರೂ ಲೆಕ್ಕ ಒಂದೇ ಸೇರು. ಕ್ಯಾಮೆರಾ ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆ ಬೇರೆಯಾಗಿ ಅಳೆಯುವುದೂ ಹೀಗೇ. 14 ಬಿಟ್ ಫೈಲಿನಲ್ಲಿ ಇರುವುದೇ 16,384 ಮಟ್ಟ. ಹಗಲಲ್ಲಿ ಸಾಮಾನ್ಯವಾಗಿ ಹಸಿರು ಮೊದಲು ತುಂಬುತ್ತದೆ. ಆಮೇಲೆ ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸ್ ಕೆಂಪು, ನೀಲಿಯನ್ನು ಗುಣಿಸಿ ಹೆಚ್ಚಿಸಿದಾಗ ಹಸಿರು ಹಿಂದೆ ಬಿದ್ದು ಮೋಡದ ಅಂಚು ಗುಲಾಬಿಯಾಗುತ್ತದೆ. ಅದಕ್ಕೆ ಇಡೀ ಚಿತ್ರವನ್ನು ಹಸಿರು ಇಲ್ಲವೇ ಗುಲಾಬಿಯತ್ತ ವಾಲಿಸುವ ಟಿಂಟ್ ತಿರುಗಿಸಬೇಡಿ, ಕಂಬದ ಬಣ್ಣವೂ ಕೆಡುತ್ತದೆ. ರಾ ಫೈಲ್ ತಿದ್ದುವ ತಂತ್ರಾಂಶವಾದ ಡಾರ್ಕ್‌ಟೇಬಲ್‌ನಲ್ಲಿ ಹೈಲೈಟ್ ರೀಕನ್‌ಸ್ಟ್ರಕ್ಷನ್ ತೆರೆದು ಇನ್‌ಪೇಂಟ್ ಆಪೋಸ್ಡ್ ಎಂಬ ವಿಧಾನ ಆರಿಸಿ. ಗುಲಾಬಿ ಉಳಿದರೆ, ಬಣ್ಣ ತುಂಬಿತೆಂದು ಎಣಿಸುವ ಗಡಿಯಾದ ಕ್ಲಿಪಿಂಗ್ ಥ್ರೆಶೋಲ್ಡನ್ನು 1ರಿಂದ ಸ್ವಲ್ಪವೇ ಇಳಿಸಿ. ತುಂಬದೆ ಉಳಿದ ಬಣ್ಣವನ್ನು ನೋಡಿ ಈ ವಿಧಾನ ಅಂದಾಜು ಕಟ್ಟುತ್ತದೆ. ಮೂರೂ ಬಣ್ಣ ತುಂಬಿದ್ದರೆ ವಿವರ ಮರಳುವುದಿಲ್ಲ. ಬಿಳಿಯನ್ನು ಬಿಳಿಯಾಗೇ ಬಿಡಿ.

ಎರಡನೆಯದು ಟೋನ್ ಮ್ಯಾಪಿಂಗ್: ಸಿಕ್ಕ ಬೆಳಕನ್ನೆಲ್ಲ ಪರದೆಯ ಅಳತೆಗೆ ಇಳಿಸುವುದು. ಮೊದಲು ಎಕ್ಸ್‌ಪೋಶರ್, ಅಂದರೆ ಇಡೀ ಚಿತ್ರದ ಬೆಳಕು. ಆಕಾಶದ ಕಡೆ ನೋಡಲೇಬೇಡಿ, ಕಂಬ ಕಣ್ಣಿಗೆ ಸರಿ ಕಾಣುವವರೆಗೆ ಏರಿಸಿ. ಆಮೇಲೆ ಡಾರ್ಕ್‌ಟೇಬಲ್‌ನ ಟೋನ್ ಮ್ಯಾಪಿಂಗ್ ಉಪಕರಣಗಳಾದ ಸಿಗ್ಮಾಯ್ಡ್ ಅಥವಾ ಫಿಲ್ಮಿಕ್, ಯಾವುದಾದರೂ ಒಂದೇ. ಎರಡನ್ನೂ ಹಾಕಿದರೆ ಒಮ್ಮೆ ಒತ್ತಿದ ಬೆಳಕನ್ನು ಮತ್ತೆ ಒತ್ತಿದಂತಾಗಿ ಚಿತ್ರ ಸಪ್ಪೆಯಾಗುತ್ತದೆ. ಹೊಸಬರಿಗೆ ಸಿಗ್ಮಾಯ್ಡೇ ಸಾಕು ಅನ್ನುತ್ತೇನೆ: 2022ರ ಡಿಸೆಂಬರಿನಲ್ಲಿ ಡಾರ್ಕ್‌ಟೇಬಲ್ 4.2 ಆವೃತ್ತಿಯೊಂದಿಗೆ ಬಂತು, ಮುಖ್ಯವಾದ ಸ್ಲೈಡರ್ ಎರಡೇ, ಕಾಂಟ್ರಾಸ್ಟ್ ಮತ್ತು ಸ್ಕ್ಯೂ. ಕಾಂಟ್ರಾಸ್ಟ್ ಮೊದಲಿಗೆ 1.5 ಇರುತ್ತದೆ, 1.2ರ ಹತ್ತಿರ ತಂದರೆ ಬಿಸಿಲು ಮೆತ್ತಗಾಗುತ್ತದೆ. ಸ್ಕ್ಯೂ ಮುಟ್ಟುವ ಪ್ರಸಂಗ ಕಡಿಮೆ. ಫಿಲ್ಮಿಕ್ ಹಿಡಿದವರು ವೈಟ್ ರಿಲೇಟಿವ್ ಎಕ್ಸ್‌ಪೋಶರ್, ಅಂದರೆ ಎಷ್ಟು ಬೆಳಕನ್ನು ಪೂರ್ತಿ ಬಿಳಿ ಎಂದು ಎಣಿಸಬೇಕೆಂಬುದನ್ನು ನೋಡಿಕೊಳ್ಳಿ. ಅದು ಅಗತ್ಯಕ್ಕಿಂತ ಹೆಚ್ಚಾದರೆ ಆಕಾಶ ಪರದೆಯ ಬಿಳುಪನ್ನು ಮುಟ್ಟುವುದೇ ಇಲ್ಲ, ಮಾಸಿದ ಧೋತರದಂತೆ ನಿಲ್ಲುತ್ತದೆ.

ಇನ್ನು ಬಾದಾಮಿಯ ಕೆಂಪು ಕಲ್ಲು. ಬಿಸಿಲಲ್ಲಿ ಕ್ಯಾಮೆರಾ ಕೆಂಪು ತುಂಬಿತೆಂದು ಹೆದರಿಸುತ್ತದೆ. ಹಾಗೆ ಹೆದರಿಸುವ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬರುವುದು ಜೆಪೆಗ್‌ನಿಂದ, ಅಂದರೆ ಕ್ಯಾಮೆರಾವೇ ಸಿದ್ಧಮಾಡಿದ ಚಿತ್ರದಿಂದ. ಅದರಲ್ಲಿ ವೈಟ್ ಬ್ಯಾಲೆನ್ಸ್ ಕೆಂಪನ್ನು ಆಗಲೇ ಗುಣಿಸಿರುತ್ತದೆ. ರಾ ಒಳಗೆ ಎಷ್ಟೋ ಸಲ ಜಾಗ ಉಳಿದಿರುತ್ತದೆ. ಡಾರ್ಕ್‌ಟೇಬಲ್‌ನ ರಾ ಓವರ್‌ಎಕ್ಸ್‌ಪೋಸ್ಡ್ ಸೂಚಕ ಒತ್ತಿ ನೋಡಿ, ಅಲ್ಲಿ ಗುರುತು ಬಿದ್ದರೆ ಮಾತ್ರ ಮುಂದಿನ ಸಲ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ ತೆಗೆಯಿರಿ.