ಅಮ್ಮ ಸಾಕೆಂದ ಮೇಲೂ ತಿರುಗಿದ ಮಿಕ್ಸಿ

ನಮಸ್ಕಾರ. ಇಂದು ಜನವರಿ 24, ಅಮೆರಿಕದವರು ಪೀನಟ್ ಬಟರ್, ಅಂದರೆ ಶೇಂಗಾ ಬೆಣ್ಣೆಯ ದಿನವೆಂದು ಕರೆಯುವ ದಿನ. ರಜೆಯೂ ಇಲ್ಲ, ಪೂಜೆಯೂ ಇಲ್ಲ. ಆದರೂ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ವಾಸನೆಯಲ್ಲಿ ಬೆಳೆದು, ಈಗ ಈ ದೇಶದ ಶೇಂಗಾದಲ್ಲಿ ಸುಮಾರು ಅರ್ಧದಷ್ಟನ್ನು ಬೆಳೆಯುವ ಜಾರ್ಜಿಯಾ ರಾಜ್ಯದಲ್ಲಿ ಸಂಸಾರ ಹೂಡಿರುವ ನನಗೆ ಇದನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ.

ಈ ವಿಡಿಯೋದಲ್ಲಿ ನೀವು ನೋಡುತ್ತಿರುವುದು 300 ಗ್ರಾಂ ಶೇಂಗಾಬೀಜ. ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಮಾರು 15 ನಿಮಿಷ ಹುರಿದಿದ್ದೇನೆ. ಸಣ್ಣ ಉರಿಯಲ್ಲಿ ಬಾಣಲೆಯೂ ಆದೀತು. ಬೆಚ್ಚಗಿರುವಾಗಲೇ ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿಹೋಗುತ್ತದೆ. ಮೊರವನ್ನು ಸೂಟ್‌ಕೇಸಿನಲ್ಲಿಟ್ಟು ತಂದವರು ಅಮ್ಮ. ಆರು ತಿಂಗಳಿಗೆಂದು ಮಗಳ ಮನೆಗೆ ಬರುವವರು ಮೊರವಿಲ್ಲದೆ ಬರುತ್ತಾರೆಯೇ?

ಮಿಕ್ಸಿಯ ಸದ್ದನ್ನು ಇಲ್ಲಿ ತೆಗೆದುಹಾಕಿದ್ದೇನೆ, ಆದರೆ ಅಮ್ಮನ ತುಟಿಯ ಚಲನೆಯಿಂದಲೇ ಮಾತು ತಿಳಿಯುತ್ತದೆ: "ಸಾಕು ನಿಲ್ಸೇ, ಎಣ್ಣೆ ಬಿಟ್ಕೊಳ್ತದೆ." ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುವುದರಿಂದ, ಚಟ್ನಿಪುಡಿ ಉದುರುದುರಾಗಿ ಉಳಿಯಬೇಕಾದರೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಹತ್ತನೆಯ ವಯಸ್ಸಿನಲ್ಲಿ ನಾನು ಮೈಮರೆತು ಒಂದು ಡಬ್ಬಿ ಪುಡಿಯನ್ನು ಜಿಡ್ಡು ಮುದ್ದೆ ಮಾಡಿ ಬೈಸಿಕೊಂಡಿದ್ದೆ. ಅಂದು ಕೆಟ್ಟಿತೆಂದು ಕರೆಸಿಕೊಂಡದ್ದಕ್ಕೇ ಈ ದೇಶ ಒಂದು ದಿನವನ್ನು ಮೀಸಲಿಟ್ಟಿದೆ ಎಂಬುದನ್ನು ಅಮ್ಮನಿಗೆ ಹೇಳುವುದರಲ್ಲಿ ನನಗೆ ಸಿಕ್ಕ ಖುಷಿಯನ್ನು ಮುಚ್ಚಿಡಲಾರೆ. ರಾಜಿಯೆಂಬಂತೆ ನಾಲ್ಕು ಚಮಚ ಪುಡಿಯನ್ನು ಈ ಹಂತದಲ್ಲೇ ಅವರಿಗೆ ತೆಗೆದುಕೊಟ್ಟೆ. ಅದಕ್ಕೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರುತ್ತವೆ.

ಉಳಿದದ್ದು ಮುಂದಕ್ಕೆ. ಪುಡಿ ಜಾರಿನ ಗೋಡೆಗೆ ಅಂಟುತ್ತದೆ, ಕೆರೆದು ಒಳಕ್ಕೆ ತಳ್ಳಿದರೆ ಉಂಡೆಯಾಗಿ ಬ್ಲೇಡಿನ ಮೇಲೆ ದಬದಬ ಉರುಳುತ್ತದೆ. ನೀರು ಹಾಕಬೇಕೆನ್ನಿಸುವುದು ಇಲ್ಲಿಯೇ, ಆದರೆ ಒಂದು ಚಮಚ ನೀರು ಬಿದ್ದರೂ ಅದು ಮತ್ತಷ್ಟು ಗಟ್ಟಿಯಾಗುತ್ತದೆ. ಮೋಟರಿಗೆ ಎರಡು ನಿಮಿಷ ಬಿಡುವು ಕೊಟ್ಟು ಮತ್ತೆ ತಿರುಗಿಸಿದಾಗ, ಉಂಡೆ ತಾನಾಗಿ ಸಡಿಲವಾಗಿ, ದೋಸೆ ಹಿಟ್ಟಿನಂತೆ ನಡುವೆ ಸುಳಿ ಬಿದ್ದು ಹೊಳೆಯತೊಡಗುತ್ತದೆ. ಅರ್ಧ ಚಮಚ ಉಪ್ಪು, ಒಂದು ಚಮಚ ಬೆಲ್ಲದ ಪುಡಿ ಹಾಕಿದರೆ ಮುಗಿಯಿತು. ಅಂಗಡಿಯ ಶೀಶೆಯ ಮೇಲೆ ಪೀನಟ್ ಬಟರ್ ಎಂದು ಬರೆಯಲು ಅದರಲ್ಲಿ ಕನಿಷ್ಠ ಶೇಕಡ 90ರಷ್ಟು ಶೇಂಗಾ ಇರಬೇಕೆಂಬುದು ಇಲ್ಲಿನ ನಿಯಮ. ನಮ್ಮದು ಅದನ್ನು ಸುಲಭವಾಗಿ ದಾಟುತ್ತದೆ. ಅಂಗಡಿಯದರಲ್ಲಿ ಸಾಮಾನ್ಯವಾಗಿ ಹೈಡ್ರೋಜನೀಕರಿಸಿದ ಎಣ್ಣೆ ಸೇರಿಸಿರುವುದರಿಂದ ಎಣ್ಣೆ ಮೇಲೆ ತೇಲುವುದಿಲ್ಲ. ಮನೆಯದು ತೇಲುತ್ತದೆ, ಕಲಕಿಕೊಳ್ಳಿ.

ಇದನ್ನು ಕಂಡುಹಿಡಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂದು ಮಗಳು ಕೇಳಿಕೊಂಡು ಬಂದಿದ್ದಾಳೆ. ಹತ್ತಿಯಿಂದ ಬಡವಾದ ದಕ್ಷಿಣದ ಹೊಲಗಳಲ್ಲಿ ಶೇಂಗಾ ಬೆಳೆಯಿರೆಂದು ರೈತರನ್ನು ಒಪ್ಪಿಸಲು ದುಡಿದ ದೊಡ್ಡ ಮನುಷ್ಯ ಅವರು, ನಿಜ. ಆದರೆ ಹುರಿದ ಶೇಂಗಾದ ಪೇಸ್ಟಿಗೆ ಮಾಂಟ್ರಿಯಲ್‌ನ ಮಾರ್ಸೆಲಸ್ ಗಿಲ್ಮೋರ್ ಎಡ್ಸನ್ 1884ರಲ್ಲಿಯೇ ಪೇಟೆಂಟ್ ಪಡೆದಿದ್ದರು.

ಬಿಸ್ಕತ್ತಿಗೆ ಹೆಚ್ಚು ಮಾತು ಬೇಡ: ಒಂದು ಕಪ್ ಪೀನಟ್ ಬಟರ್, ಒಂದು ಕಪ್ ಸಕ್ಕರೆ, ಒಂದು ಮೊಟ್ಟೆ. ಕಲಸಿ, ಉಂಡೆ ಕಟ್ಟಿ, ಫೋರ್ಕಿನಿಂದ ಅಡ್ಡಡ್ಡ ಒತ್ತಿ ಓವನ್‌ನಲ್ಲಿ 10 ನಿಮಿಷ ಬೇಯಿಸಿ. ಸಕ್ಕರೆಯ ಬದಲು ಬೆಲ್ಲ ಹಾಕಿದ ನನ್ನ ಮೊದಲ ತಟ್ಟೆ ಹರಡಿ ಒಂದೇ ರೊಟ್ಟಿಯಾಯಿತು.

ಹಿತ್ತಲಿನಲ್ಲಿ ಬಿದ್ದಿದ್ದ ಪೈನ್ ಕಾಯಿಗಳಿಗೆ ಮಕ್ಕಳು ದಾರ ಕಟ್ಟಿ, ಉಪ್ಪು ಬೆಲ್ಲ ಹಾಕದೆ ಬೇರೆ ಇಟ್ಟಿದ್ದ ಶೇಂಗಾ ಬೆಣ್ಣೆಯನ್ನು ಎಸಳುಗಳ ಸಂದಿಗೆ ಮೆತ್ತಿ, ಹಕ್ಕಿಕಾಳಿನಲ್ಲಿ ಹೊರಳಿಸಿ ಕೊಂಬೆಗಳಿಗೆ ನೇತುಹಾಕಿದರು. ಪಕ್ಕದ ಮನೆಯ ಹುಡುಗನಿಗೆ ಶೇಂಗಾ ಅಲರ್ಜಿ ಇರುವುದರಿಂದ ಈ ಬಾರಿ ಅವನನ್ನು ಕರೆಯಲಿಲ್ಲ. ಕೈ ಮತ್ತು ಮೇಜು ತೊಳೆಯದೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ಸುಲಿದ ಶೇಂಗಾಕಾಯಿಯ ಗಟ್ಟಿ ಸಿಪ್ಪೆಗಳಿಗೆ ಕಣ್ಣು ಮೂಗು ಬರೆದು ಬೆರಳಿಗೆ ಸಿಕ್ಕಿಸುವ ಗೊಂಬೆಗಳೂ ಆದವು, ಒಂದಕ್ಕೆ ಅಮ್ಮನ ಕುಂಕುಮವೂ ಬಿತ್ತು.

ಮರುದಿನ ಬೆಳಿಗ್ಗೆ ಕಿಟಕಿಯಾಚೆ ಪುಟ್ಟ ಚಿಕಡೀ ಹಕ್ಕಿಯೊಂದು ತಲೆಕೆಳಗಾಗಿ ನೇತಾಡಿ ಕಾಳು ಹೆಕ್ಕುತ್ತಿತ್ತು. ಪಕ್ಕದ ಕೊಂಬೆಯಲ್ಲಿ ಬರೀ ದಾರ. "ನಮ್ಮೂರ ಅಳಿಲೇ ವಾಸಿ ಕಣೇ, ಇದು ಕಾಯಿ ಸಮೇತ ಹೊತ್ಕೊಂಡು ಹೋಯ್ತಲ್ಲ" ಎಂದರು ಅಮ್ಮ. ಮಗ ಈಗ ಗ್ಯಾರೇಜಿನಲ್ಲಿ ತಂತಿ ಹುಡುಕುತ್ತಿದ್ದಾನೆ.