ಹಾಲು ಬೇಡ, ನೀರಿಡಿ

ಕೇಳುಗರಿಗೆಲ್ಲ ನಮಸ್ಕಾರ.

ಬ್ರಿಟನ್ನಿನ ನಮ್ಮ ಕನ್ನಡ ಮನೆಗಳಲ್ಲಿ ಜೂನ್ ಬಂತೆಂದರೆ ಅಡುಗೆಮನೆಯ ಹಿಂಬಾಗಿಲು ಮುಚ್ಚುವುದೇ ಇಲ್ಲ. ಕುಂಡದಲ್ಲಿ ಮೆಂತ್ಯ, ಕೊತ್ತಂಬರಿ. ಬೇಲಿಯ ಮೇಲೆ ಬೀನ್ಸ್ ಬಳ್ಳಿ. ಚಳಿಗಾಲವೆಲ್ಲ ಕಿಟಕಿ ಪಕ್ಕ ಮುದುರಿ ಕೂತಿದ್ದ ಮಲ್ಲಿಗೆ ಗಿಡಕ್ಕೂ ಹೊರಗೆ ಬರುವ ಯೋಗ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ರಾತ್ರಿ ಒಂಬತ್ತೂವರೆಗೂ ಬೆಳಕು. ಊಟ ಮುಗಿಸಿ, ಹೊರಗೆ ಕುರ್ಚಿ ಹಾಕಿಕೊಂಡು ಕೂತರೆ ಪೊದೆ ಕೆಳಗಿಂದ ಬುಸ್ ಬುಸ್ ಅಂತ ಸದ್ದು. ಹಾವಲ್ಲ, ಹೆದರಬೇಡಿ. ಹೆಡ್ಜ್‌ಹಾಗ್ ಬಂದಿದೆ.

ನಾನು ಪಶುವೈದ್ಯೆ. ಬಿಡುವಿದ್ದಾಗ ಹೆಡ್ಜ್‌ಹಾಗ್ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ಕಾರ್ಯಕ್ರಮದವರು ಬೇಸಿಗೆ ತೋಟದ ಬಗ್ಗೆ ಮಾತಾಡಿ ಅಂದರು. ಮಾತಾಡೋಣ. ಆದರೆ ನಾನು ಬಂದಿರುವುದು ಒಂದೇ ಒಂದು ವಿಷಯ ಹೇಳುವುದಕ್ಕೆ. ಹೆಡ್ಜ್‌ಹಾಗ್‌ಗೆ ಹಾಲು ಇಡಬೇಡಿ. ನೀರಿಡಿ.

ಈ ಪ್ರಾಣಿ ಯಾವುದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮೂರ ಕಾಡಿನಲ್ಲಿ ಉದ್ದುದ್ದ ಮುಳ್ಳು ಕೆದರಿಕೊಂಡು ಓಡಾಡುತ್ತಲ್ಲ, ಆ ಮುಳ್ಳುಹಂದಿ ಇದಲ್ಲ. ಅದು ಇಲಿ, ಅಳಿಲಿನ ಕುಲ. ಇದು ಹುಳು ತಿನ್ನುವ ಕುಲ. ಮುದುಡಿಕೊಂಡರೆ ಸುಲಿದ ತೆಂಗಿನಕಾಯಿಯಷ್ಟು ಗಾತ್ರ. ಮೈಮೇಲೆ ಐದಾರು ಸಾವಿರ ಗಿಡ್ಡ ಮುಳ್ಳು. ಒಂದು ಕಿಲೋ ತೂಗಿದರೆ ಅದು ಚೆನ್ನಾಗಿ ಉಂಡುಬೆಳೆದದ್ದು ಅಂತ ತಿಳಿಯಿರಿ. ತಮಿಳುನಾಡು, ಆಂಧ್ರದ ಒಣಭೂಮಿಯಲ್ಲೂ ಇದರ ದಾಯಾದಿ ಒಂದಿದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಕಂಡೇ ಇಲ್ಲ. ಇಲ್ಲಿ ಮಾತ್ರ ಹಿತ್ತಲಿಗೇ ಬರುತ್ತದೆ. ದುಂಬಿ, ಕಂಬಳಿಹುಳು, ಎರೆಹುಳು ಹುಡುಕಿಕೊಂಡು ಒಂದೇ ರಾತ್ರಿಯಲ್ಲಿ ಒಂದೆರಡು ಕಿಲೋಮೀಟರ್ ನಡೆಯುತ್ತದೆ. ನಿಮ್ಮ ಮೆಂತ್ಯದ ಮೊಳಕೆಯನ್ನು ರಾತ್ರೋರಾತ್ರಿ ನುಣ್ಣಗೆ ಮಾಡುವ ಸ್ಲಗ್ ಸಿಕ್ಕಿದರೆ ಅದನ್ನೂ ಬಿಡುವುದಿಲ್ಲ.

ಈಗ ಹಾಲಿನ ವಿಷಯ. ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಹೆಡ್ಜ್‌ಹಾಗ್‌ಗೆ ಅರಗುವುದಿಲ್ಲ. ಕೊಟ್ಟರೆ ಕುಡಿಯುತ್ತದೆ, ಚಪ್ಪರಿಸಿಕೊಂಡು ಕುಡಿಯುತ್ತದೆ. ಆಮೇಲೆ ಭೇದಿ. ಭೇದಿಯಾದರೆ ಮೈಯಲ್ಲಿರುವ ನೀರೆಲ್ಲ ಹೋಗುತ್ತದೆ. ಮರಿಯಾದರೆ ಪ್ರಾಣವೂ ಹೋಗುತ್ತದೆ. ಇಲ್ಲಿಯ ಜನ ತಲೆಮಾರುಗಳಿಂದ ಬ್ರೆಡ್ಡು, ಹಾಲು ಇಟ್ಟುಕೊಂಡು ಬಂದವರು. ಅವರು ಈಗೀಗ ಬಿಟ್ಟಿದ್ದಾರೆ. ನಾವು ಶುರು ಮಾಡಿದ್ದೇವೆ!

ರೆಡಿಂಗ್‌ನಲ್ಲಿ ಒಂದು ಮನೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ತಿಪಟೂರು ಕಡೆಯಿಂದ ಅಜ್ಜಿ ಬಂದಿದ್ದರು, ಬೇಸಿಗೆ ಕಳೆಯೋಕೆ. ಒಂದು ರಾತ್ರಿ ಹೆಡ್ಜ್‌ಹಾಗ್ ಕಣ್ಣಿಗೆ ಬಿತ್ತು. ಅಯ್ಯೋ ಪಾಪ, ಎಷ್ಟು ಹಸಿದಿದೆಯೋ ಅಂತ ಸ್ಟೀಲ್ ಬಟ್ಟಲಿನಲ್ಲಿ ಹಾಲಿಟ್ಟರು. ಮರುದಿನವೂ ಬಂತು. ಮತ್ತೆ ಹಾಲು. ಅಜ್ಜಿಗೆ ಖುಷಿಯೋ ಖುಷಿ. ಸೊಸೆಗೆ ಮಾತ್ರ ಯಾಕೋ ಅನುಮಾನ. ಹುಲ್ಲಿನ ಮೇಲೆ ಅಲ್ಲಲ್ಲಿ ಹಸಿರು ಬಣ್ಣದ ನೀರುಭೇದಿ ನೋಡಿ ನನಗೆ ಫೋನ್ ಮಾಡಿದಳು. ಹೋದೆ.

ಅಜ್ಜಿ ಕಾಫಿ ಕೊಟ್ಟರು. ಒಳ್ಳೆ ಫಿಲ್ಟರ್ ಕಾಫಿ, ಅದೊಂದು ಹೇಳಲೇಬೇಕು. ಆಮೇಲೆ ಕೇಳಿದರು, "ಅಲ್ಲಾ ಡಾಕ್ಟ್ರಮ್ಮ, ಹಾಲು ಯಾರಿಗಾದ್ರೂ ಕೆಟ್ಟದ್ದು ಮಾಡುತ್ತಾ? ನಾವು ಹಾವಿಗೇ ಹಾಲೆರೆಯೋರು."

ನಾನು ಹೇಳಿದೆ, "ಅಜ್ಜಿ, ಹಾವಿಗೂ ಹಾಲು ಆಗಿಬರೋದಿಲ್ಲ."

"ಅದು ನಂಗೂ ಗೊತ್ತು. ಹುತ್ತಕ್ಕೆ ಎರೆಯೋದು ನನ್ನ ಭಕ್ತಿಗೆ. ಹಾವಿನ ಹೊಟ್ಟೆಗಲ್ಲ" ಅಂದರು. ನನಗೆ ಮಾತೇ ಹೊರಡಲಿಲ್ಲ.

ಆದರೂ ಅಜ್ಜಿ ಒಪ್ಪಿದರು. ಹಾಲಿನ ಬಟ್ಟಲು ಒಳಗೆ ಹೋಯಿತು. ಕುಂಡದ ಕೆಳಗಿಡುವ ಮಣ್ಣಿನ ತಟ್ಟೆಯಲ್ಲಿ ನೀರು ಬಂತು. ಹಾಗಾದರೆ ತಿನ್ನೋದಕ್ಕೆ ಏನು ಕೊಡಲಿ ಅಂದರು. ಮೊಸರನ್ನ? ಬೇಡ. ಚಪಾತಿ ಚೂರು? ಬೇಡ. ಬೆಕ್ಕಿನ ಬಿಸ್ಕತ್ತು ಕೊಡಿ ಅಂದೆ. ಅದರಲ್ಲಿ ಏನಿರುತ್ತೆ ಅಂದರು. ಕೋಳಿ ಮಾಂಸ ಇರುತ್ತೆ ಅಜ್ಜಿ. ಅಷ್ಟೇ, ಅಜ್ಜಿಯ ಮುಖ ಸಣ್ಣದಾಯಿತು. ಮಡಿ ಮನೆ. ಮೊಟ್ಟೆ ಕೂಡ ಒಳಗೆ ಬರುವುದಿಲ್ಲ.

ಅಲ್ಲಿ ಒಂದು ದೊಡ್ಡ ಸಭೆಯೇ ನಡೆಯಿತು ಅನ್ನಿ. ಮಗ ಬೇಡ ಬಿಡಮ್ಮ ಅಂದ. ಸೊಸೆ ಸುಮ್ನೆ ನೀರಿಟ್ಟರೆ ಸಾಕು ಅತ್ತೆ ಅಂದಳು. ಅವಳು ಹೇಳಿದ್ದೇ ಸರಿ, ನೀರೊಂದೇ ಇಟ್ಟರೂ ಪುಣ್ಯವೇ. ಆದರೆ ಅಜ್ಜಿ ಅತಿಥಿಯನ್ನು ಬರಿಗೈಯಲ್ಲಿ ಕಳಿಸುವವರಲ್ಲ. ಕೊನೆಗೆ ಅವರೇ ತೀರ್ಪು ಕೊಟ್ಟರು. ಬಿಸ್ಕತ್ತಿನ ಡಬ್ಬ ತೋಟದ ಶೆಡ್ಡಿನಲ್ಲಿರಲಿ. ಅದಕ್ಕೆ ಬೇರೆ ಚಮಚ, ಬೇರೆ ತಟ್ಟೆ. ಹಾಕುವುದು ಮೊಮ್ಮಗನ ಕೆಲಸ. ನಾನು ಕಿಟಕಿಯಿಂದ ನೋಡುತ್ತೇನೆ ಅಂದರು ಅಜ್ಜಿ.

ಮೂರು ದಿನಕ್ಕೆ ಹೊಸ ತಾಪತ್ರಯ. ಪಕ್ಕದ ಮನೆ ಬೆಕ್ಕು ಬಂದು ತಟ್ಟೆ ಖಾಲಿ ಮಾಡಿ ಹೋಗುತ್ತಿತ್ತು. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಗೊಂಡು, ಪಕ್ಕದಲ್ಲಿ 13 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಎತ್ತರದ ಕಂಡಿ ಕೊರೆದು, ಬೋರಲು ಹಾಕಿ, ಮೇಲೊಂದು ಇಟ್ಟಿಗೆ ಇಡಿ ಅಂದೆ. ಕಂಡಿಯ ಅಂಚಿಗೆ ಟೇಪ್ ಸುತ್ತಬೇಕು, ಚೂಪಾಗಿರಬಾರದು. ತಟ್ಟೆ ಒಳಗೆ, ಕಂಡಿಗೆ ಎದುರಾದ ಕೊನೆಯಲ್ಲಿ. ಹೆಡ್ಜ್‌ಹಾಗ್ ನುಗ್ಗುತ್ತದೆ, ದೊಡ್ಡ ಬೆಕ್ಕು ಹೊರಗೇ ಕೂತು ಮೀಸೆ ನೆಕ್ಕಿಕೊಳ್ಳುತ್ತದೆ. ಅಜ್ಜಿ ಅಡುಗೆಮನೆಯ ದೀಪ ಆರಿಸಿ, ಹತ್ತೂವರೆಯವರೆಗೆ ಕಿಟಕಿ ಹತ್ತಿರ ನಿಂತು ಅದನ್ನು ಕಾಯುತ್ತಿದ್ದರು. ಒಂದಿನ ನನಗೆ ಫೋನ್. "ಡಾಕ್ಟ್ರಮ್ಮ, ನಿಮ್ಮ ಪ್ರಾಣಿಗೆ ಹುಚ್ಚು ಹಿಡಿದಿದೆ. ಬಾಯಲ್ಲಿ ನೊರೆ ಬರ್ತಿದೆ, ಆ ನೊರೆನ ಕತ್ತು ತಿರುಚಿ ತಿರುಚಿ ಬೆನ್ನಿಗೆ ಬಳ್ಕೊಳ್ತಿದೆ!" ಹುಚ್ಚಲ್ಲ. ಹೊಸ ವಾಸನೆ ಏನಾದರೂ ಸಿಕ್ಕಿದರೆ ಅದನ್ನು ಅಗಿದು, ನೊರೆ ಮಾಡಿ ಮುಳ್ಳಿಗೆ ಹಚ್ಚಿಕೊಳ್ಳುವುದು ಹೆಡ್ಜ್‌ಹಾಗ್‌ನ ಸ್ವಭಾವ. ಅಜ್ಜಿ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತೊಳೆಸಿದ್ದರಂತೆ.

ಅಜ್ಜಿಯ ಕತೆಯಲ್ಲೇ ಅರ್ಧ ಸಮಯ ಹೋಯಿತು. ಗಾಜಿನಾಚೆಯಿಂದ ಕಾರ್ಯಕ್ರಮದವರು ಕೈ ತೋರಿಸುತ್ತಿದ್ದಾರೆ, ಬೇಗ ಬೇಗ ಅಂತ. ಇರಲಿ.

ನೀರು ಯಾಕೆ ಅಷ್ಟು ಮುಖ್ಯ? ಬಿಸಿಲಿಗೆ ನೆಲ ಗಟ್ಟಿಯಾದರೆ ಎರೆಹುಳು ಆಳಕ್ಕೆ ಇಳಿಯುತ್ತವೆ. ಹೆಡ್ಜ್‌ಹಾಗ್‌ಗೆ ಆಗ ಊಟವೂ ಇಲ್ಲ, ಆ ಊಟದಲ್ಲಿ ಸಿಗುತ್ತಿದ್ದ ನೀರೂ ಇಲ್ಲ. 2022ರ ಜುಲೈ 19 ನೆನಪಿದೆಯಾ? ಲಿಂಕನ್‌ಶೈರ್‌ನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ. ರಾಯಚೂರಿನವರು ನಗಬಹುದು, ಆದರೆ ಇಲ್ಲಿಯ ಪ್ರಾಣಿಗಳಿಗೆ ಅದು ಅಭ್ಯಾಸವಿಲ್ಲ. ಅಗಲವಾದ, ಆಳವಿಲ್ಲದ ತಟ್ಟೆ. ಸಂಜೆ ತೊಳೆದು ಹೊಸ ನೀರು. ಇಷ್ಟೇ ಕೆಲಸ. ಹಾಲಿಗೆ ನೀರು ಬೆರೆಸಿ ಕೊಡಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಲ್ಯಾಕ್ಟೋಸ್ ಇಲ್ಲದ ಹಾಲು? ದಯವಿಟ್ಟು, ನೀರು.

ಇನ್ನೊಂದು. ಅಂಗಡಿಗಳಲ್ಲಿ ಒಣಗಿಸಿದ ಮೀಲ್‌ವರ್ಮ್ ಹುಳು ಮಾರುತ್ತಾರೆ. ಪ್ಯಾಕೆಟ್ ಮೇಲೆ ಮುದ್ದಾದ ಹೆಡ್ಜ್‌ಹಾಗ್ ಚಿತ್ರ ಬೇರೆ. ಆ ಹುಳುವಿನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದನ್ನೇ ತಿಂದು ತಿಂದು ಮೂಳೆ ಮೆತ್ತಗಾಗಿ, ನಡೆಯಲಾರದೆ ಬಿದ್ದವನ್ನು ಕೇಂದ್ರಕ್ಕೆ ತರುತ್ತಾರೆ. ಕಡಲೆಕಾಯಿ ಬೀಜವೂ ಬೇಡ, ಸೂರ್ಯಕಾಂತಿ ಬೀಜವೂ ಬೇಡ. ಬೆಕ್ಕಿನ ಬಿಸ್ಕತ್ತು ಒಂದು ಹಿಡಿ, ಕತ್ತಲಾದ ಮೇಲೆ. ಬೆಳಿಗ್ಗೆ ಉಳಿದದ್ದು ಎತ್ತಿಬಿಡಿ, ಇಲ್ಲದಿದ್ದರೆ ಇಲಿ ಬರುತ್ತವೆ.

ಬೇಲಿ. ಹೊಸ ಬಡಾವಣೆಗಳಲ್ಲಿ ಎಲ್ಲರೂ ನೆಲಕ್ಕೆ ತಾಕುವ ಹಾಗೆ ಮರದ ಬೇಲಿ ಹಾಕಿಸುತ್ತಾರೆ. ರಾತ್ರಿ ಕಿಲೋಮೀಟರುಗಟ್ಟಲೆ ನಡೆಯುವ ಪ್ರಾಣಿ ಎಲ್ಲಿಗೆ ಹೋಗಬೇಕು? ಬೇಲಿಯ ತಳದಲ್ಲಿ ಅದೇ 13 ಸೆಂಟಿಮೀಟರ್ ಕಂಡಿ ಬಿಡಿ. ಪಕ್ಕದ ಮನೆಯವರನ್ನು ಕೇಳಿಯೇ ಮಾಡಿ. ಅವರೂ ಅವರ ಆಚೆಯವರೂ ಬಿಟ್ಟರೆ ಬೀದಿಗೆ ಬೀದಿಯೇ ದಾರಿಯಾಗುತ್ತದೆ. ಹೆಡ್ಜ್‌ಹಾಗ್ ಸ್ಟ್ರೀಟ್ ಅಂತ 2011ರಿಂದ ಒಂದು ಯೋಜನೆ ಇದನ್ನೇ ಹೇಳುತ್ತಿದೆ. 2020ರಲ್ಲಿ ಬ್ರಿಟನ್ನಿನ ಸಸ್ತನಿಗಳ ಕೆಂಪು ಪಟ್ಟಿಗೆ ಹೆಡ್ಜ್‌ಹಾಗ್ ಸೇರಿತು. ಅಂದರೆ ಅಳಿದುಹೋಗುವ ಭಯ ಇರುವ ಸಾಲಿಗೆ.

ತೋಟದಲ್ಲಿ ಕೊಳ ಇದ್ದರೆ ಹತ್ತಿ ಬರಲು ಒಂದು ಓರೆ ಹಲಗೆ ಇಡಿ. ಇದಕ್ಕೊಂದು ಇತಿಹಾಸವೇ ಇದೆ. ದನ ದಾಟದಿರಲಿ ಅಂತ ಹಳ್ಳಿ ರಸ್ತೆಗೆ ಕಂಬಿ ಹಾಸಿ ಕೆಳಗೆ ಗುಂಡಿ ತೋಡಿರುತ್ತಾರಲ್ಲ, ಅದರೊಳಗೆ ಹೆಡ್ಜ್‌ಹಾಗ್‌ಗಳು ಬಿದ್ದು ಸಾಯುತ್ತಿದ್ದವು. ಶ್ರಾಪ್‌ಶೈರ್‌ನ ಮೇಜರ್ ಏಡ್ರಿಯನ್ ಕೋಲ್ಸ್ ಆ ಗುಂಡಿಗಳಿಗೆ ಇಳಿಜಾರು ಹಾಕಿಸಲು ಓಡಾಡಿದರು. ಅಲ್ಲಿಂದಲೇ 1982ರಲ್ಲಿ ಬ್ರಿಟಿಷ್ ಹೆಡ್ಜ್‌ಹಾಗ್ ಪ್ರಿಸರ್ವೇಶನ್ ಸೊಸೈಟಿ ಹುಟ್ಟಿತು.

ಹುಲ್ಲು ಕತ್ತರಿಸುವ ಸ್ಟ್ರಿಮ್ಮರ್ ಹಚ್ಚುವ ಮುಂಚೆ ಪೊದೆಯನ್ನು ಕೋಲಿನಿಂದ ಸರಿಸಿ ನೋಡಿ. ಸದ್ದು ಕೇಳಿದರೆ ಹೆಡ್ಜ್‌ಹಾಗ್ ಓಡುವುದಿಲ್ಲ, ಅಲ್ಲೇ ಮುದುಡಿಕೊಳ್ಳುತ್ತದೆ. ರೋಬೋಟ್ ಮೋವರ್ ಇದ್ದವರು ಹಗಲಲ್ಲಿ ಮಾತ್ರ ಓಡಿಸಿ. ಶೆಡ್ಡಿನ ಮೂಲೆಯಲ್ಲಿ ಹಳೆಯ ನೀಲಿ ಸ್ಲಗ್ ಮಾತ್ರೆ ಇದ್ದರೆ ಮುಟ್ಟಬೇಡಿ. ಅದರಲ್ಲಿ ಮೆಟಾಲ್ಡಿಹೈಡ್ ಅನ್ನೋ ವಿಷ ಇದ್ದರೆ 2022ರಿಂದ ತೋಟದಲ್ಲಿ ಬಳಸುವ ಹಾಗೇ ಇಲ್ಲ.

ಕೊನೆಗೆ, ಹಗಲು ಹೊತ್ತಿನಲ್ಲಿ ಹೆಡ್ಜ್‌ಹಾಗ್ ಹುಲ್ಲಿನ ಮೇಲೆ ಕೈಕಾಲು ಚಾಚಿ ಮಲಗಿದ್ದರೆ ಬಿಸಿಲು ಕಾಯಿಸುತ್ತಿದೆ ಅಂತ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಅದಕ್ಕೆ ಹುಷಾರಿಲ್ಲ. ತೋಟದ ಗ್ಲೌಸ್ ಹಾಕಿಕೊಂಡು ಎತ್ತಿ. ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಟವೆಲ್ ಹಾಸಿ ಮಲಗಿಸಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ, ಬೇಸಿಗೆಯಾದರೂ ಸರಿ. ಹತ್ತಿರದ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ. ಅವರು ತೂಕ ಎಷ್ಟು ಅಂತ ಕೇಳುತ್ತಾರೆ. ಅಡುಗೆಮನೆಯ ತಕ್ಕಡಿ ಸಾಕು, ಡಬ್ಬದಲ್ಲಿ ಕೂರಿಸಿ ತೂಗಿ. ಅಜ್ಜಿ ಅತ್ತಕಡೆ ಹೋದಾಗ.

ನಮಸ್ಕಾರ.